ಕಹಿನುಂಗಿಯ ಬಾಯಳತೆ

ಇಪ್ಪತ್ತೆರಡು ವರ್ಷ ನಾನು ಫಕೀರವ್ವನಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂತ ಒಳಗೊಳಗೇ ಬೀಗುತ್ತಿದ್ದೆ. ಅದು ಉಪಕಾರವಲ್ಲ, ಶುದ್ಧ ಅಪಕಾರ ಅಂತ ಗೊತ್ತಾದ ದಿನ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಕಷ್ಟ ನನಗೆ ಬೀಳಲಿಲ್ಲ. ಆಕೆಯೇ ಸೌಟು ಬೀಸಿ ಒಗೆದಳು. ಆ ಕಥೆಯನ್ನೇ ಹೇಳಹೊರಟಿದ್ದೇನೆ. ನನ್ನ ಹೆಸರು ಅಂದಾನೆಪ್ಪ. ನಮ್ಮೂರ ಅಳತೆಮನೆಯಲ್ಲಿ ಬರೆಯುವವನು. ಅಳೆಯುವವರು ಕೂಗಿ ಹೇಳಿದ ಅಂಕಿಗಳನ್ನು ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಕೂತಲ್ಲೇ ಕೂತು ದಪ್ಪಗಾದದ್ದು ಆ ಕೆಲಸದ ಜೊತೆಗೆ ಬಂದ ಬಳುವಳಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ತೂಕ ಕಥೆಯಲ್ಲಿ ಬರುತ್ತದೆ.

ನಮ್ಮೂರಿಗೆ ದೊಡ್ಡಣುಗಳು ಬರುವುದು ಹೋಳಿಹುಣ್ಣಿಮೆ ಕಳೆದು ಪಡುವಣ ಗಾಳಿ ಬಿಟ್ಟಾಗ. ಬಯಲಿನ ಮೇಲೆ ಉರುಳುತ್ತ, ಬಳುಕುತ್ತ, ಒಂದಕ್ಕೊಂದು ತಾಕದಂತೆ ಬರುತ್ತವೆ. ಒಂದೊಂದೂ ಹುಲ್ಲಿನ ಬಣವೆಯಷ್ಟು ದೊಡ್ಡದು. ಕುಂಬಳಕಾಯಿ ಗಾತ್ರದ ನೂರಾರು ಮಣಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಆ ಸರವನ್ನು ಸುತ್ತಿ ಮಡಿಚಿ ಮುದ್ದೆ ಮಾಡಿದ ಹಾಗೆ. ಪ್ರತಿಯೊಂದಕ್ಕೂ ಒಂದೇ ಒಂದು ಕೆಲಸ ಗೊತ್ತು. ಒಂದು ಅಗಸರ ಕಟ್ಟೆಯಲ್ಲಿ ಕೂತು ಬಟ್ಟೆಯ ಎಣ್ಣೆಕಲೆ ತಿನ್ನುತ್ತದೆ. ಇನ್ನೊಂದು ಗಾಣದ ಓಣಿಯಲ್ಲಿ ಕೂತರೆ ಆ ಓಣಿಯ ಹಾಲೆಲ್ಲ ತಾಸಿನೊಳಗೆ ಮೊಸರು. ಹಾಗಾಗಿ ಗಾಣದ ಓಣಿಯವರು ಚಹಾ ಕುಡಿಯಬೇಕಾದರೆ ಪಕ್ಕದ ಓಣಿಯ ಬೀಗರ ಮನೆಗೆ ಹೋಗುತ್ತಾರೆ, ಬೀಗರೂ ಗೊಣಗದೆ ಕೊಡುತ್ತಾರೆ, ಯಾಕೆಂದರೆ ಮೊಸರು ಅವರಿಗೂ ಬೇಕು.

ದೊಡ್ಡಣುವಿನ ಮೈಯಲ್ಲಿ ಎಲ್ಲಾದರೂ ಒಂದು ಸಂದು ಇರುತ್ತದೆ. ಅದಕ್ಕೆ ನಾವು ಬಾಯಿ ಅನ್ನುತ್ತೇವೆ. ಆ ಬಾಯಿಗೆ ಸರಿಯಾಗಿ ಕೂಡುವ ಮರದ ಗೂಟ ಕೆತ್ತಿ ಕೂರಿಸಿದರೆ ಅದು ವರ್ಷವಿಡೀ ಊರಲ್ಲಿದ್ದು ದುಡಿಯುತ್ತದೆ. ಗೂಟ ಕೂಡಲಿಲ್ಲವೋ, ಕಾರಹುಣ್ಣಿಮೆಯ ದಿನ ಗಾಳಿ ತಿರುಗಿದಾಗ ಎದ್ದು ಹೊರಟುಹೋಗುತ್ತದೆ. ಅಳತೆಮನೆ ಇರುವುದೇ ಇದಕ್ಕಾಗಿ. ಅಳೆಯುವವರು ಮಣಿಗಳಿಗೆ ಸುಣ್ಣದಿಂದ ಸಂಖ್ಯೆ ಹಾಕಿ, ಯಾವ ಮಣಿಯಿಂದ ಯಾವ ಮಣಿಗೆ ಎಷ್ಟು ದೂರ ಅಂತ ಕೋಲು ಹಿಡಿದು ಅಳೆಯುತ್ತಾರೆ. ನಾನು ಬರೆಯುತ್ತೇನೆ. ನನ್ನ ಅಂಕಿ ನೋಡಿ ಬಡಿಗೇರ ಮೌನೇಶ ಬೆತ್ತದಲ್ಲಿ ಅದರದೇ ಪಡಿಯಚ್ಚು ಕಟ್ಟುತ್ತಾನೆ, ಆ ಬೆತ್ತದ ಬಾಯಿ ನೋಡಿ ಗೂಟ ಕೆತ್ತುತ್ತಾನೆ. ಅಳತೆಮನೆಯ ಗೋಡೆಗೆ ಒಂದು ಹಲಗೆ ತೂಗುಹಾಕಿದೆ: ‘ಒಂದು ಜಾಗ, ಒಂದೇ ಅಂಕಿ’. ಈಗಿನ ಯಜಮಾನರಾದ ಮುರಿಗೆಪ್ಪನವರ ತಾತ ಬರೆಸಿದ್ದು.

ಇನ್ನು ಕಹಿನುಂಗಿಯ ವಿಷಯ. ನಮ್ಮೂರ ನೀರು ಕಹಿ. ಬೇವಿನ ಕಷಾಯದಷ್ಟೇನೂ ಅಲ್ಲ ಅಂತ ನಾವು ಹೇಳುತ್ತೇವೆ, ಅಷ್ಟೇ ಅಂತ ಪರವೂರಿನವರು ಹೇಳುತ್ತಾರೆ. ಸಾರಿಗೆ ಬೆಲ್ಲ, ಹಿಟ್ಟು ಕಲಸಲು ಬೆಲ್ಲ, ಮಜ್ಜಿಗೆಗೂ ಬೆಲ್ಲ. ಹೊರಗಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಅಳುತ್ತಾರೆ, ಎರಡನೆಯ ವರ್ಷ ಬೈಯುತ್ತಾರೆ, ಮೂರನೆಯ ವರ್ಷ ತವರಿಗೆ ಹೋದಾಗ ಅಲ್ಲಿಯ ನೀರೇ ಸಪ್ಪೆ ಅನ್ನುತ್ತಾರೆ. ಆ ಕಹಿಯನ್ನು ನುಂಗಬಲ್ಲ ದೊಡ್ಡಣು ಒಂದೇ. ಪ್ರತಿವರ್ಷ ಬಂದು ಹಿರೇಬಾವಿಯ ದಂಡೆಯಲ್ಲಿ ಕೂಡುತ್ತದೆ. ಅದರ ಪಕ್ಕೆಗೆ ಹತ್ತಿ ಒಂದು ನೀರಿನ ಗುಂಡಿ ಇದೆ. ಆ ಗುಂಡಿಯ ನೀರು ಒಮ್ಮೊಮ್ಮೆ ಸಿಹಿಯಾಗುತ್ತದೆ, ಒಮ್ಮೊಮ್ಮೆ ಕಹಿ. ಊರ ನಾಯಿಗಳು ಅಲ್ಲಿ ಸಾಲಾಗಿ ಕೂತು ಕಾಯುತ್ತವೆ. ಆದರೆ ಹಿರಿಯರಿಗೆ ನೆನಪಿರುವಷ್ಟು ಕಾಲದಿಂದ ಅದರ ಬಾಯಿಗೆ ಒಂದು ಗೂಟವೂ ಕೂತಿಲ್ಲ. ಒಮ್ಮೆ ಬಾಯಿಗೇ ಹೋಗುವುದಿಲ್ಲ, ಇನ್ನೊಮ್ಮೆ ಹೋದದ್ದು ಲೊಟಕ್ಕನೆ ಜಾರಿ ಹೊರಗೆ ಬೀಳುತ್ತದೆ. ಊರವರೆಲ್ಲ ಮೌನೇಶನ ಉಳಿಯನ್ನು ಬೈದರು. ಆತ ಹೊನ್ನೆ, ಮತ್ತಿ, ಜಾಲಿ ಎಲ್ಲದರಲ್ಲೂ ಕೆತ್ತಿ ನೋಡಿ, ಕೊನೆಗೆ ಬೈಗಳಕ್ಕೆ ತಲೆ ತಗ್ಗಿಸುವುದನ್ನು ರೂಢಿ ಮಾಡಿಕೊಂಡ.

ಕಹಿನುಂಗಿಯನ್ನು ಅಳೆಯುವವಳು ಫಕೀರವ್ವ. ಆಕೆಯ ಕೋಲು ತಾಯಿಯಿಂದ ಬಂದದ್ದು, ತುದಿಗೆ ಹಿತ್ತಾಳೆಯ ಟೊಪ್ಪಿಗೆ, ಹಿಡಿದು ಹಿಡಿದು ನಡುವೆ ನುಣ್ಣಗೆ ಸವೆದಿದೆ. ಬೇರೆಯವರು ಒಂದು ಜಾಗವನ್ನು ಒಂದು ಸಲ ಅಳೆದು ಎಲೆಅಡಿಕೆಗೆ ಕೂಡುತ್ತಾರೆ. ಈಕೆ ಹಾಗಲ್ಲ. ಇಡೀ ಮೈ ಒಂದು ಸುತ್ತು ಅಳೆಯುವುದು, ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು, ಹೀಗೆ ಹತ್ತು ಸುತ್ತು. "ಒಮ್ಮೆ ಅಳದದ್ದು ಅಳತಿ ಅಲ್ಲೋ ಅಂದಾನಿ, ಅದು ಅಂದಾಜು," ಅನ್ನುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನಗೆ ಗಾಬರಿಯಾಯಿತು. ಕಹಿನುಂಗಿಯ ಬಾಯಿಯ ಒಂದು ತುಟಿ ನಲವತ್ತೊಂದನೆಯ ಮಣಿ, ಇನ್ನೊಂದು ತುಟಿ ನೂರಾ ಆರನೆಯದು. ಅವೆರಡರ ನಡುವೆ ಈಕೆ ಮೊದಲ ಸುತ್ತಿನಲ್ಲಿ ಎರಡು ಗೇಣು ಅಂದಳು, ಎರಡನೆಯದರಲ್ಲೂ ಎರಡು, ಮೂರನೆಯದರಲ್ಲಿ ಐದು ಗೇಣು, ನಾಲ್ಕನೆಯದರಲ್ಲಿ ಮತ್ತೆ ಎರಡು! ಗೋಡೆಯ ಮೇಲೆ ಹಲಗೆ ನನ್ನನ್ನೇ ನೋಡುತ್ತಿತ್ತು. ಈ ಅಂಕಿಗಳನ್ನು ಯಜಮಾನರು ಕಂಡರೆ ಪಾಪ ಈ ಹೆಣ್ಣುಮಗಳ ಗತಿ ಏನು ಅಂತ ಮರುಗಿ, ಕಚ್ಚಾ ಪುಸ್ತಕದಲ್ಲಿ ಹತ್ತನ್ನೂ ಕೂಡಿಸಿ, ಹತ್ತರಿಂದ ಭಾಗಿಸಿ, ಪಕ್ಕಾ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ‘ಮೂರು ಗೇಣು ಎರಡು ಬೆರಳು’ ಅಂತ ಬರೆದೆ. ಬರೆದು, ಯಾರಿಗೂ ಹೇಳದೆ, ನಾನು ಎಂಥ ಒಳ್ಳೆಯವನು ಅಂದುಕೊಂಡೆ. ಮುಂದೆ ವರ್ಷವರ್ಷವೂ ಅದನ್ನೇ ಮಾಡಿದೆ.

ಈ ವರ್ಷ ನನ್ನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಪರವೂರಿಗೆ ಹೋಗಬೇಕಾಯಿತು. ನನ್ನ ಬದಲು ಬರೆಯಲು ನಿವೃತ್ತ ಮಾಸ್ತರರೊಬ್ಬರನ್ನು ಕೂರಿಸಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು ಅಂತ ಮಕ್ಕಳಿಗೆ ಮೂವತ್ತು ವರ್ಷ ಕಿವಿ ಹಿಂಡಿ ಕಲಿಸಿದ ಮನುಷ್ಯ. ಹತ್ತು ಸುತ್ತಿನ ಹತ್ತು ಅಂಕಿಗಳನ್ನೂ ಪಕ್ಕಾ ಪುಸ್ತಕದಲ್ಲೇ ಬರೆದಿಟ್ಟರು. ನಾನು ನಿಶ್ಚಿತಾರ್ಥದ ಸಿಹಿ ಹಂಚಲು ಡಬ್ಬಿ ಹಿಡಿದು ಅಳತೆಮನೆಯ ಮೆಟ್ಟಿಲು ಹತ್ತಿದರೆ ಒಳಗೆ ಮುರಿಗೆಪ್ಪನವರು ಪುಸ್ತಕ ಬಿಚ್ಚಿಕೊಂಡು ಕೂತಿದ್ದಾರೆ, ಎದುರಿಗೆ ಫಕೀರವ್ವ ನಿಂತಿದ್ದಾಳೆ.

"ಫಕೀರವ್ವಾ, ಇದೇನಿದು? ಎರಡು, ಎರಡು, ಐದು, ಎರಡು, ಐದು. ಕೋಲ ಹಿಡದಿಯೋ, ಗಿಲಕಿ ಆಡಿಸಿದಿಯೋ?"

"ಯಜಮಾನ್ರ, ನಾ ಕಂಡದ್ದ ಹೇಳೀನ್ರಿ."

"ನಿನ್ನ ಕೈ ನಡಗಾಕ ಹತ್ತೈತಿ ತಂಗೀ. ವಯಸ್ಸಾತು. ಅದರಾಗ ನಾಚಿಕಿ ಪಡೂದೇನಿಲ್ಲ." ಮುರಿಗೆಪ್ಪನವರು ಕೆಟ್ಟವರಲ್ಲ. ನಿಜವಾಗಿಯೂ ಮರುಕದಿಂದಲೇ ಅಂದರು, ಅದೇ ಹೆಚ್ಚು ಚುಚ್ಚಿತು. "ಕಾರಹುಣ್ಣಿಮಿ ಹಿಂದಿನ ದಿನ ಎಲ್ಲಾರೂ ಕೂಡತಾರ. ಅವತ್ತ ಕೋಲ ತಂದ ಒಪ್ಪಿಸಿಬಿಡು."

ಫಕೀರವ್ವ ನನ್ನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ಬರೆದವನು ಏನಾದರೂ ಹೇಳಿಯಾನು ಅಂತ. ನಾನು ಡಬ್ಬಿ ಮುಂದೆ ಮಾಡಿ, "ಪೇಡೆ ತಗೋರಿ," ಅಂದೆ. ಅಂಥ ಹೇಡಿ ನಾನು.

ಮರುದಿನ ಮುಂಜಾನೆ ಆಕೆಯ ಮನೆಗೆ ಹೋದೆ. ಒಲೆಯ ಮುಂದೆ ಕೂತಿದ್ದಳು. ಚಹಾ ಬಸಿದು ಬಟ್ಟಲು ನನ್ನ ಕಡೆ ಚಾಚುವಾಗ ಅರ್ಧ ಚಹಾ ನೆಲದ ಪಾಲಾಯಿತು. ಆಕೆ ತನ್ನ ಕೈಯನ್ನೇ ದಿಟ್ಟಿಸಿ ನೋಡಿದಳು, ಬೇರೆ ಯಾರದೋ ಕೈ ಎಂಬಂತೆ. "ಖರೇನ ನಡಗತೈತೇನೋ ಅಂದಾನಿ? ನಿನ್ನೆ ತನಕಾ ಇರಲಿಲ್ಲ. ಅವ್ರ ಅಂದಮ್ಯಾಲೆ ನಡಗಾಕತ್ತೈತಿ. ಅವ್ವನ ಕೋಲ ಕೊಟ್ಟ ಮ್ಯಾಲ ಈ ಕೈ ಇಟಗೊಂಡ ನಾ ಏನ ಮಾಡ್ಲಿ?" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆಕೆ ಅತ್ತದ್ದು ನೋಡಿದ್ದು ಅದೇ ಮೊದಲು. ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಮನೆಗೆ ಬರುವ ದಾರಿಯಲ್ಲಿ ಒಂದು ಮಾತು ತಲೆಗೆ ಹೊಕ್ಕಿತು. ಆಕೆಯ ಕೈ ನಡುಗುವುದಾದರೆ ಅದು ಈ ವರ್ಷದ ನಡುಕವಲ್ಲವಲ್ಲ! ಮೊದಲ ವರ್ಷವೂ ಎರಡು, ಐದು ಅಂದಿದ್ದಳು. ಮೂವತ್ತಾರರ ಹೆಂಗಸು ಆಗ, ಎರಡು ಕೊಡ ತಲೆಯ ಮೇಲೆ, ಒಂದು ಕಂಕುಳಲ್ಲಿ ಇಟ್ಟುಕೊಂಡು ಬಾವಿಯ ಮೆಟ್ಟಿಲು ಹತ್ತುತ್ತಿದ್ದಳು. ನಾನು ಕಾಗದ ಚೆಲ್ಲುವ ಜಾತಿಯವನಲ್ಲ, ಇಪ್ಪತ್ತೆರಡು ವರ್ಷದ ಕಚ್ಚಾ ಪುಸ್ತಕಗಳೂ ನನ್ನ ಅಟ್ಟದ ಮೇಲಿದ್ದವು. ಹೆಂಡತಿ ಬೈಯುತ್ತಿದ್ದರೂ ಕೇಳದೆ ಎಲ್ಲವನ್ನೂ ಪಡಸಾಲೆಗೆ ಇಳಿಸಿ, ಧೂಳಿಗೆ ಸೀನುತ್ತ ಒಂದೊಂದೇ ತೆರೆದೆ. ಪ್ರತಿವರ್ಷವೂ ಅದೇ. ಹತ್ತರಲ್ಲಿ ಆರು ಸಲ ಎರಡು ಗೇಣು, ನಾಲ್ಕು ಸಲ ಐದು. ಮೂರು ಗೇಣು ಅನ್ನುವ ಅಂಕಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಆಕೆಯ ಬಾಯಿಂದ ಬಂದಿರಲಿಲ್ಲ. ಅದು ನನ್ನದು. ನಾನು ಹುಟ್ಟಿಸಿದ್ದು.

ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ, ಹೊತ್ತು, ಏದುಸಿರು ಬಿಡುತ್ತ ಫಕೀರವ್ವನ ಮನೆಗೆ ವಾಪಸು ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಸಾರು ತಿರುವುತ್ತಿದ್ದವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಸೌಟು ನನ್ನ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಗುರಿ ನೋಡಿದರೆ ಕೈ ನಡುಗುವವರ ಎಸೆತ ಅನ್ನಿಸಲಿಲ್ಲ.

"ಲೇ ಹುಚ್ಚಪ್ಪಾ! ನಾ ಅಳದದ್ದ ಅಳಿಸಾಕ ನೀ ಯಾರಲೇ? ಮುಂಜಾನಿ ನೀ ಮನ್ಯಾಗ ಇರ್ತಿ, ಮಧ್ಯಾಹ್ನ ಅಳತಿಮನ್ಯಾಗ ಇರ್ತಿ. ನಿನ್ನ ಲೆಕ್ಕಾ ಹಿಡದರ ನೀ ದಿನಾ ನಡು ಹಾದ್ಯಾಗಿನ ಗಟಾರದಾಗ ಬಿದ್ದಿರಬೇಕಲ್ಲೋ!"

"ತಪ್ಪಾತು ಯಕ್ಕಾ. ನಿಂಗ ಒಳ್ಳೇದಾಗ್ಲಿ ಅಂತ..."

"ಸುಡು ನಿನ್ನ ಒಳ್ಳೇದು. ಮೌನೇಶ ಇಷ್ಟ ವರ್ಷ ಗಟಾರದ ಅಳತಿಗೆ ಗೂಟ ಕೆತ್ತ್ಯಾನಲ್ಲೋ. ಪಾಪ ಅಂವ ಎಷ್ಟ ಬೈಸಿಕೊಂಡ." ಅಂದವಳು ಬಾಗಿಲಾಚೆ ಹಿರೇಬಾವಿಯ ಕಡೆ ತಿರುಗಿದಳು. ಕಣ್ಣು ಚೂಪಾದವು. "ತಡಿ. ನಾಯಿಗೆ ಗೊತ್ತೈತಿ."

"ಯಾವ ನಾಯಿ?"

"ಗುಂಡಿ ಹಂತ್ಯಾಕ ಕುಂದರತಾವಲ್ಲ, ಅವು. ನೀರು ಒಮ್ಮೆ ಸಿಹಿ, ಒಮ್ಮೆ ಕಹಿ. ಬಾಯಿ ತೆರದಾಗ ನುಂಗತೈತಿ, ಮುಚ್ಚಿದಾಗ ಬಿಡತೈತಿ. ನಾಯಿ ಕಾಯತಾವ. ನಾವು ಮನಷ್ಯಾರು ಕುಂತು ಭಾಗಾಕಾರ ಮಾಡತೀವಿ."

ಅದು ಬಾಯಿ ತೆರೆಯುವುದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ, ಯಾಕೆಂದರೆ ಇಡೀ ಮೈ ಸದಾ ಮೆಲ್ಲಗೆ ಬಳುಕುತ್ತಿರುತ್ತದೆ, ಆ ಬಳುಕಿನಲ್ಲಿ ಬಾಯಿ ಯಾವಾಗಲೋ ಒಮ್ಮೆ ಜರ್ರನೆ ತೆರೆದು ಮುಚ್ಚಿದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ನಾವು ಬಳುಕನ್ನು ಗಾಳಿಯ ತಂಟೆ ಅಂದುಕೊಂಡು ಗಾಳಿ ನಿಂತ ಹೊತ್ತಿನಲ್ಲಿ ಮಾತ್ರ ಅಳೆಯುತ್ತಿದ್ದೆವು. ಆದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಕೈಯೇ ನಡುಗಿದ್ದರೆ? ಫಕೀರವ್ವನಿಗೂ ಅದೇ ಮುಳ್ಳು. ಇಬ್ಬರೂ ಹಿರೇಬಾವಿಗೆ ಹೋದೆವು. ಬಾವಿಯ ದಂಡೆಗೆ ಎರಡು ಕಲ್ಲುಕಂಬಗಳಿವೆ. ಆಕೆ ಅವುಗಳ ನಡುವೆ ಕೋಲು ಹಿಡಿದು ಹತ್ತು ಸಲ ಅಳೆದಳು. ಹತ್ತು ಸಲವೂ ಏಳು ಗೇಣು ನಾಲ್ಕು ಬೆರಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹತ್ತನೆಯ ಸಲ ಕೋಲು ಇಳಿಸಿ ತನ್ನ ಕೈ ನೋಡಿಕೊಂಡು, "ನನ್ನ ಕೈ ನಂದ ಐತಿ," ಅಂದಳು. ಆ ಕ್ಷಣಕ್ಕೆ ಆಕೆಯ ಮುಖದಲ್ಲಿ ಬಂದ ಕಳೆ ನೋಡಿ ನನಗೇ ಅಳು ಬಂತು.

ಕಾರಹುಣ್ಣಿಮೆಗೆ ಎಂಟು ದಿನ ಉಳಿದಿತ್ತು. ಮೌನೇಶನನ್ನು ಕರೆದೆವು. ಆತನಿಗೂ ನನ್ನ ತಪ್ಪು ಹೇಳಬೇಕಾಯಿತು. ಬಡಿಗೇರ ಮನುಷ್ಯ ಒಂದು ಮಾತೂ ಬೈಯಲಿಲ್ಲ. ತನ್ನ ಉಳಿಯನ್ನು ಕೈಗೆತ್ತಿಕೊಂಡು ಅದಕ್ಕೇ ಹೇಳುವವನಂತೆ, "ನಿಂದೇನೂ ತಪ್ಪಿರಲಿಲ್ಲ ನೋಡು," ಅಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಆಮೇಲೆ ಕಚ್ಚಾ ಪುಸ್ತಕಗಳನ್ನು ಹರಡಿಕೊಂಡು ಕೂತೆವು. ನಾನು ಓದುವುದು, ಫಕೀರವ್ವ ಕೇಳುವುದು, ಮೌನೇಶ ಬೆತ್ತ ಕಟ್ಟುವುದು. ಮೊದಲಿಗೆ ತಲೆ ಕೆಟ್ಟುಹೋಯಿತು, ಯಾಕೆಂದರೆ ಎಷ್ಟೋ ಅಂಕಿಗಳು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿದ್ದವು. ಎರಡನೆಯ ದಿನ ಫಕೀರವ್ವ ಕೈ ಎತ್ತಿ ತಡೆದಳು. "ಬದಲಾಗೂದ ಓದಬ್ಯಾಡ. ಬದಲಾಗದ್ದ ಓದು."

ಅದು ಹಿಡಿಯಿತು. ಒಂದನೆಯ ಮಣಿಯಿಂದ ಎಪ್ಪತ್ತನೆಯದರವರೆಗೆ ಅವುಗಳ ಒಳಗೊಳಗೆ ಎಲ್ಲಿ ಅಳೆದರೂ ಹತ್ತು ಸುತ್ತಿನಲ್ಲೂ ಒಂದೇ ಅಂಕಿ. ಎಪ್ಪತ್ತಮೂರರಿಂದ ಕೊನೆಯ ನೂರಾ ತೊಂಬತ್ತರವರೆಗೆ ಅವುಗಳ ಒಳಗೊಳಗೂ ಹಾಗೆಯೇ. ಆದರೆ ಈ ಗುಂಪಿನ ಮಣಿಯಿಂದ ಆ ಗುಂಪಿನ ಮಣಿಗೆ ಅಳೆದರೆ ಮಾತ್ರ ಅಂಕಿ ಕುಣಿಯುತ್ತದೆ. ಕೈ ನಡುಗಿದ್ದರೆ ಎಲ್ಲ ಕಡೆಯೂ ನಡುಗಬೇಕಿತ್ತು, ಹೀಗೆ ಜಾಗ ನೋಡಿಕೊಂಡು ನಡುಗುವ ಕೈ ಎಲ್ಲಿದೆ?

"ಇದು ಒಂದ ಮುದ್ದಿ ಅಲ್ಲೋ ಮೌನೇಶಾ," ಫಕೀರವ್ವನ ದನಿ ಏರಿತು. "ಎರಡು ಮುದ್ದಿ. ನಡುವಿನ ಎಪ್ಪತ್ತೊಂದು, ಎಪ್ಪತ್ತೆರಡನೇ ಮಣಿ ಬಾಗಲದ ಕೀಲಿದ್ದಂಗ. ಆ ಕೀಲಿನ ಮ್ಯಾಲ ಇಡೀ ಬಾಯಿ ತೆರದು ಮುಚ್ಚತೈತಿ."

ಮೌನೇಶ ಕಟ್ಟಿದ್ದನ್ನೆಲ್ಲ ಬಿಚ್ಚಿದ. ಎರಡು ಭಾಗಗಳನ್ನು ಹುರಿಯಿಂದ ಅಲುಗದಂತೆ ಬಿಗಿದು, ನಡುವಿನ ಎರಡು ಮಣಿಗಳ ಜಾಗಕ್ಕೆ ಮೆತ್ತನೆಯ ತೊಗಲಿನ ಪಟ್ಟಿ ಹಾಕಿದ. ನಮ್ಮೂರಿನಲ್ಲಿ ಅಲ್ಲಾಡುವ ಪಡಿಯಚ್ಚು ಅದೇ ಮೊದಲನೆಯದು. ಆಗ ನನಗೆ ಇನ್ನೊಂದು ಕಂಡಿತು, ಇದನ್ನು ಕಂಡವನು ನಾನು ಅಂತ ಹೇಳಿಕೊಳ್ಳಲು ಅಪ್ಪಣೆ ಕೊಡಿ, ಈ ಕಥೆಯಲ್ಲಿ ನನಗೆ ಬೇರೆ ಮರ್ಯಾದೆ ಉಳಿದಿಲ್ಲ. ಯಾವ ಸುತ್ತಿನಲ್ಲಿ ಬಾಯಿ ಐದು ಗೇಣು ಇತ್ತೋ, ಅದೇ ಸುತ್ತಿನಲ್ಲಿ ಹಿಂಬದಿಯ ನೂರಾ ಎಂಬತ್ತೆಂಟನೆಯ ಮಣಿ ಮೊದಲ ಮುದ್ದೆಯ ಬೆನ್ನಿಗೆ ಹತ್ತಿರ ಬಂದಿತ್ತು. ಪ್ರತಿಸಲವೂ. ನಾನು ಹತ್ತನ್ನೂ ಅರೆದು ಒಂದು ಮಾಡಿದಾಗ ಈ ಜೋಡಿಯೂ ಅರೆದುಹೋಗಿತ್ತು. ನಾನು ಬೆತ್ತದ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಮುಂದೆ ಬೆತ್ತದ ಬಾಯಿ ಆ ಅಂತ ತೆರೆದುಕೊಂಡಿತು. ಬಿಟ್ಟೆ, ಮುಚ್ಚಿತು. ಮೂವರೂ ಮಕ್ಕಳ ಹಾಗೆ ಸರದಿಯ ಮೇಲೆ ಒತ್ತಿ ಒತ್ತಿ ನೋಡಿದೆವು. ಮೌನೇಶ ಅಂದೇ ಜಾಲಿಯ ದಿಮ್ಮಿ ಆರಿಸಿ ಐದು ಗೇಣಿನ ಗೂಟಕ್ಕೆ ಉಳಿ ಹಚ್ಚಿದ.

ಕಾರಹುಣ್ಣಿಮೆಯ ಹಿಂದಿನ ದಿನ ಊರೆಲ್ಲ ಹಿರೇಬಾವಿಯ ಹತ್ತಿರ ಸೇರಿತ್ತು. ಅಳತೆಮನೆಯ ಸಭೆ ನಡೆಯುವುದು ಅಲ್ಲಿಯೇ. ಮುರಿಗೆಪ್ಪನವರು ತಮ್ಮ ಬೆಳ್ಳಿಕಟ್ಟಿನ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ತಾ ತಂಗೀ," ಅಂತ ಕೈ ಚಾಚಿದರು. ಫಕೀರವ್ವ ಕೋಲು ಕೊಡಲಿಲ್ಲ. ನನ್ನ ಕಡೆ ನೋಡಿದಳು. ಈ ಸಲ ನನ್ನ ಕೈಯಲ್ಲಿ ಪೇಡೆಯ ಡಬ್ಬಿ ಇರಲಿಲ್ಲ. ಗೋಣಿಚೀಲ ಇತ್ತು.

ಮುಂದೆ ಹೋಗಿ ನಿಂತು ಹೇಳಿದೆ. "ಯಜಮಾನ್ರ, ಫಕೀರವ್ವಕ್ಕನ ಕೈ ನಡಗೂದಿಲ್ಲ. ಕಹಿನುಂಗಿ ಬಾಯಿ ತೆರದು ಮುಚ್ಚತೈತಿ. ಅಕಿ ಇಪ್ಪತ್ತೆರಡು ವರ್ಷದಿಂದ ಅದನ್ನ ಹೇಳಕೋತ ಬಂದಾಳ. ಮುಚ್ಚಿಟ್ಟಾಂವ ನಾನು. ಊರಿಗೆ ಇಷ್ಟ ವರ್ಷ ಕಹಿ ಕುಡಿಸಿದಾಂವ ನಾನ." ಅಂದು ಪುಸ್ತಕಗಳನ್ನು ಅವರ ಮುಂದೆ ಸುರಿದೆ. ಜನ ಗುಲ್ಲೆಂದರು. ಹಿಂದಿನಿಂದ ಯಾರೋ ನನ್ನ ಹೊಟ್ಟೆಯ ಗಾತ್ರವನ್ನೂ ಬುದ್ಧಿಯ ಗಾತ್ರವನ್ನೂ ಹೋಲಿಸಿ ಒಂದು ಮಾತು ಅಂದರು. ಸರಿಯಾಗಿಯೇ ಅಂದರು.

ಮುರಿಗೆಪ್ಪನವರು ಪುಸ್ತಕಗಳ ಪುಟ ತಿರುವಿ, ಮುಖ ಕೆಂಪಗೆ ಮಾಡಿಕೊಂಡು, "ಬರದದ್ದ ಎಲ್ಲಾ ಖರೇ ಆಗೂದಿಲ್ಲ," ಅಂದರು. "ತೆರಿಯೂದಾದ್ರ ತೆರದು ತೋರಸ್ರಿ. ನಾಳೆ ಗಾಳಿ ತಿರಗತೈತಿ."

"ತೋರಸತೀನ್ರಿ," ಅಂದಳು ಫಕೀರವ್ವ.

ಕಹಿನುಂಗಿಗೆ ಏಣಿ ಹಚ್ಚಿದರು. ನೂರಾ ಎಂಬತ್ತೆಂಟನೆಯ ಮಣಿಯನ್ನು ಒತ್ತಲು ಭಾರ ಬೇಕಿತ್ತು. ಫಕೀರವ್ವ ಜನರ ಮೇಲೆ ಕಣ್ಣಾಡಿಸಲೂ ಇಲ್ಲ, ನೇರ ನನಗೆ, "ಹತ್ತೋ ಅಂದಾನಿ," ಅಂದಳು. ಹತ್ತಿದೆ. ಇಡೀ ಊರು ನಗುತ್ತಿರುವಾಗ ಆ ಮಣಿಯ ಮೇಲೆ ಕುಂಡೆ ಊರಿ ಕೂತೆ. ನನ್ನ ತೂಕ ಊರಿನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ನನ್ನ ಕೆಳಗೆ ಮಣಿ ಮೆಲ್ಲಗೆ ತಗ್ಗಿತು. ಆ ಕಡೆಯಿಂದ ಜನರ ನಗು ನಿಂತಿತು. ಬಾಯಿ ತೆರೆಯುತ್ತಿತ್ತು. ಎಲ್ಲರ ಕಣ್ಣೆದುರಿಗೆ, ಹಾಡುಹಗಲಲ್ಲಿ, ಎರಡು ಗೇಣು ಇದ್ದದ್ದು ಮೂರರಲ್ಲಿ ನಿಲ್ಲದೆ ಜರ್ರನೆ ಐದಾಯಿತು. ನಾಯಿಗಳು ಬಾಲ ಆಡಿಸುತ್ತ ಗುಂಡಿಯ ಹತ್ತಿರ ಓಡಿದವು.

ಮೌನೇಶ ಗೂಟ ಎತ್ತಿ ಮುಂದೆ ಬಂದ. ಗೂಟದ ತುದಿ ತುಟಿಗೆ ತಾಕಿತೋ ಇಲ್ಲವೋ, ಬೆದರಿದ ದನದಂತೆ ಕಹಿನುಂಗಿ ಒಮ್ಮೆಲೇ ಬಿಗಿಯಿತು. ನನ್ನನ್ನು ಮೇಲಕ್ಕೆ ಎತ್ತಿ ಕುಲುಕಿತು. ನಾನು ಎರಡೂ ಕೈಯಿಂದ ಮಣಿಯನ್ನು ತಬ್ಬಿ ಹಿಡಿದು, "ಯಪ್ಪಾ ಶಿವನ!" ಅಂತ ಕಿರುಚಿದೆ. ಬಾಯಿ ಮುಚ್ಚುತ್ತ ಬಂತು. ಗೂಟ ಅಡ್ಡಡ್ಡ ಸಿಕ್ಕಿಕೊಂಡಿತು. ಇನ್ನು ಒಂದು ಗೇಣು ಮುಚ್ಚಿದರೆ ಅದು ಜಾರಿ ಬೀಳುವುದು ಖಂಡಿತ, ಆಮೇಲೆ ನಾಳೆಯ ಗಾಳಿ, ಮತ್ತೊಂದು ವರ್ಷದ ಕಹಿ, ಮತ್ತು ಕೋಲು ಯಜಮಾನರ ಕೈಗೆ.

ಫಕೀರವ್ವ ಮುಂದೆ ನುಗ್ಗಿ ತನ್ನ ತಾಯಿಯ ಕೋಲನ್ನು ಎರಡು ತುಟಿಗಳ ನಡುವೆ ನೆಟ್ಟಗೆ ಆನಿಸಿಬಿಟ್ಟಳು. ಕೋಲು ಬಿಲ್ಲಿನಂತೆ ಬಾಗಿತು. "ಯಕ್ಕಾ, ಕೋಲು!" ಅಂತ ಮೇಲಿನಿಂದ ಕೂಗಿದೆ. "ಕೋಲ ಇದ್ದದ್ದ ಇದಕ್ಕೋ! ನೀ ಕುಂತ ಜಾಗಾ ಬಿಟ್ಟ ಏಳಬ್ಯಾಡ!" ಅಂದಳು. ನಾನು ಉಸಿರು ಬಿಗಿಹಿಡಿದು, ತಿಂದ ರೊಟ್ಟಿಗಳನ್ನೆಲ್ಲ ನೆನೆದು, ಭಾರ ಪೂರ್ತಿ ಕೆಳಗೆ ಬಿಟ್ಟೆ. ಬಾಯಿ ಒಂದು ಬೆರಳು, ಮತ್ತೊಂದು ಬೆರಳು ತೆರೆಯಿತು. ಮೌನೇಶ ಗೂಟ ತಿರುಗಿಸಿ ಭುಜ ಕೊಟ್ಟು ನೂಕಿದ. ಅದೇ ಗಳಿಗೆಗೆ ಕೋಲು ಫಟ್ಟನೆ ಎರಡು ತುಂಡಾಗಿ ಹಿತ್ತಾಳೆಯ ಟೊಪ್ಪಿಗೆ ಬಾವಿಯ ಕಟ್ಟೆಗೆ ಬಡಿದು ಠಣ್ ಅಂದಿತು. ಮತ್ತು ಗೂಟ ಕೂತಿತು. ಕೂತ ಸದ್ದು ನನ್ನ ಕುಂಡೆಯವರೆಗೆ ಬಂತು. ಎಂದೂ ನಿಲ್ಲದೆ ಬಳುಕುತ್ತಿದ್ದ ಆ ಇಡೀ ಮೈ ಸ್ತಬ್ಧವಾಗಿ ನಿಂತುಬಿಟ್ಟಿತು.

ಮುರಿಗೆಪ್ಪನವರೇ ಎದ್ದು ಹೋಗಿ ಹಿರೇಬಾವಿಗೆ ಕೊಡ ಇಳಿಸಿದರು. ಎಳೆದರು, ಬೊಗಸೆಗೆ ಬಗ್ಗಿಸಿಕೊಂಡರು, ರೂಢಿಯಂತೆ ಮೊದಲೇ ಮುಖ ಸಿಂಡರಿಸಿಕೊಂಡು ಕುಡಿದರು. ಸಿಂಡರಿಸಿದ ಮುಖ ಹಾಗೆಯೇ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಬಿಚ್ಚಿಕೊಂಡಿತು. ಎಪ್ಪತ್ತು ದಾಟಿದ ಆ ಮನುಷ್ಯ ಮತ್ತೊಂದು ಬೊಗಸೆ ಕುಡಿದು, "ಹಿಂಗಿರತೈತೇನ ನೀರು?" ಅಂದರು. ಅಷ್ಟೇ ಸಾಕಾಯಿತು. ಜನ ಬಾವಿಗೆ ಮುಗಿಬಿದ್ದರು. ಕುಡಿಯುವವರು ಕುಡಿದರು, ಮೈಮೇಲೆ ಸುರಿದುಕೊಳ್ಳುವವರು ಸುರಿದುಕೊಂಡರು, ಹೊಸ ಸೊಸೆಯೊಬ್ಬಳು ಕೂಗಿ ಅತ್ತಳು, ಅವಳ ಅತ್ತೆ ಅವಳ ತಲೆಯ ಮೇಲೆ ಒಂದು ತಂಬಿಗೆ ಸಿಹಿನೀರು ಸುರಿದು ತಾನೂ ಅತ್ತಳು. ಮೌನೇಶನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ನನ್ನನ್ನು ಎತ್ತುವ ಧೈರ್ಯ ಯಾರೂ ಮಾಡಲಿಲ್ಲ. ಏಣಿ ಹಿಡಿದು ಇಳಿಸಿದರು, ನಾನು ಅಷ್ಟಕ್ಕೇ ತೃಪ್ತ.

ಫಕೀರವ್ವ ಮಾತ್ರ ಕೋಲಿನ ಎರಡು ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮುರಿಗೆಪ್ಪನವರು ಒದ್ದೆ ಮೀಸೆ ಒರೆಸಿಕೊಳ್ಳುತ್ತ ಆಕೆಯ ಮುಂದೆ ಬಂದು ನಿಂತರು. ತಮ್ಮ ಬೆಳ್ಳಿಕಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ಮಡಿಲಿಗೆ ಇಟ್ಟರು. "ನಮ್ಮ ತಾತಂದು. ಇನ್ನ ಇದರಿಂದ ಅಳಿ ತಾಯಿ," ಅಂದರು. ಕೋಲು ಕಸಿಯಲು ಬಂದವರು ಕೋಲು ಕೊಟ್ಟು ಹಿಂದೆ ಸರಿದು ನಿಂತದ್ದನ್ನು ಊರೆಲ್ಲ ನೋಡಿತು.

ಫಕೀರವ್ವ ಎದ್ದಳು. ಸೆರಗು ಬಿಗಿದುಕೊಂಡು ಕಹಿನುಂಗಿಯ ಬಾಯಿಯ ಹತ್ತಿರ ಹೋಗಿ, ನಲವತ್ತೊಂದನೆಯ ಮಣಿಗೆ ಕೋಲಿನ ಒಂದು ತುದಿ, ನೂರಾ ಆರನೆಯದಕ್ಕೆ ಇನ್ನೊಂದು ತುದಿ ಹಿಡಿದಳು. ಕೈ ಕಲ್ಲುಕಂಬದಷ್ಟು ಗಟ್ಟಿ. "ಐದು ಗೇಣು!" ಅಂತ ಕೂಗಿದಳು. ಪೂರ್ತಿ ಮೈ ಒಂದು ಸುತ್ತು ಬಂದು ಮತ್ತೆ ಹಿಡಿದಳು. "ಐದು ಗೇಣು!" ಮತ್ತೊಂದು ಸುತ್ತು. "ಐದು ಗೇಣು!" ಜನರೂ ಅವಳ ಜೊತೆ ಕೂಗತೊಡಗಿದರು. ಮುರಿಗೆಪ್ಪನವರ ದನಿ ಎಲ್ಲರಿಗಿಂತ ಜೋರಾಗಿತ್ತು. ಹತ್ತು ಸುತ್ತು, ಹತ್ತು ಸಲವೂ ಐದು, ಬೆರಳಿನ ಉಗುರಷ್ಟೂ ಹೆಚ್ಚುಕಡಿಮೆ ಇಲ್ಲ.

ನಾನು ಪಕ್ಕಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಶಾಯಿಯಲ್ಲಿ ಅದ್ದಿ, ದಪ್ಪಗೆ ಒಂದು ಐದು ಬರೆದು, ಹತ್ತೂ ಒಂದೇ ಆಯಿತಲ್ಲ ಅಂತ ಪುಸ್ತಕ ಮುಚ್ಚಲು ಹೋದೆ. ಕೋಲಿನ ತುದಿ ಮೆಲ್ಲಗೆ ಬಂದು ಪುಟದ ಮೇಲೆ ಕೂತಿತು.

"ಹತ್ತೂ ಬರಿಯೋ ಅಂದಾನಿ."

ಬರೆದೆ. ಹತ್ತೂ ಬರೆದೆ.